ಬಾನೆಟ್ಟಿನೊಳಗಿನ ಎತ್ತುಗಳು

ನಮ್ಮ ಕಡೆಯ ಜನರದು ಒಂದು ವಿಚಿತ್ರ ಸ್ವಭಾವ. ನೀವು ಕಾರು ಕೊಂಡಿರಿ ಎನ್ನಿ. ನೋಡಲು ಬಂದವರು ಕಾರಿನ ಬಣ್ಣ ನೋಡುವುದಿಲ್ಲ, ಸೀಟು ಒತ್ತಿ ನೋಡುವುದಿಲ್ಲ, ಹಾರ್ನ್ ಬಾರಿಸಿ ಎನ್ನುವುದಿಲ್ಲ. ನೇರವಾಗಿ ಹೋಗಿ ಮುಂದೆ ನಿಂತು, “ಬಾನೆಟ್ ತಗೀರಿ, ನೋಡೂಣು” ಎನ್ನುತ್ತಾರೆ. ಎಂಜಿನ್ನಿನ ಬಗ್ಗೆ ಇವರಿಗೇನು ಗೊತ್ತು ಎಂದು ಕೇಳಬೇಡಿ. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ಬಂದ ಚಟ ಇದು. ಬಾಯಿ ತೆರೆಯದ ಯಾವ ವಸ್ತುವನ್ನೂ ಇವರು ನಂಬುವುದಿಲ್ಲ. ಈ ಚಟದಿಂದ ನನಗಾದ ಫಜೀತಿಯನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕು. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಮನೆಯವರೆಲ್ಲ ಅದನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ.

ನಾನು ಅಬ್ದುಲಸಮದ. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಪೇಟೆಯಲ್ಲಿ ನಮ್ಮದು ಭಾಂಡೆ ಅಂಗಡಿ. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಈಗೀಗ ಸ್ಟೀಲಿನ ಡಬ್ಬಿ, ಇವುಗಳ ನಡುವೆಯೇ ಹುಟ್ಟಿ ಬೆಳೆದವನು. ಹೀಗಾಗಿ ಕರೆಗಟ್ಟಿದ ಯಾವ ವಸ್ತುವನ್ನು ಕಂಡರೂ ನನ್ನ ಕೈ ತುರಿಸುತ್ತದೆ. (ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಊಟದ ತಂಬಿಗೆಯನ್ನು ಬೂದಿ ಹಾಕಿ ತಿಕ್ಕಿಬಿಟ್ಟಿದ್ದೆ. ಅಳಿಯನಿಗೆ ತಲೆ ಸರಿಯಿಲ್ಲವೆಂದು ಆ ಮನೆಯವರು ಒಂದು ವಾರ ಪಿಸುಗುಟ್ಟಿದರಂತೆ.) ನನ್ನ ಹೆಂಡತಿ ಶಹಜಾದಿ ಬಬಲೇಶ್ವರದವಳು. ನಮ್ಮ ಮನೆಯಲ್ಲಿ ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡದಲ್ಲಿ. ಬಬಲೇಶ್ವರದ ಕನ್ನಡಕ್ಕೆ ಇರುವ ಏಟು ಬೇರೆ ಯಾವ ಭಾಷೆಗೂ ಇಲ್ಲವೆಂದು ಶಹಜಾದಿಯ ಅಭಿಪ್ರಾಯ. ಪೆಟ್ಟು ತಿಂದವನಾಗಿ ನಾನೂ ಒಪ್ಪುತ್ತೇನೆ.

ಸೊಲ್ಲಾಪುರದ ಮುದಿ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಮಾರಿದ ಅಂಬಾಸಿಡರ್ ಕಾರನ್ನು ನಾನು ಕೊಂಡೆ. ಆ ವರ್ಷದ ರಮಜಾನ್ ಹಬ್ಬಕ್ಕೆ ಅದರಲ್ಲೇ ಬಬಲೇಶ್ವರಕ್ಕೆ ಹೋದೆವು. ಅಲ್ಲಿ ನನ್ನ ಷಡ್ಡಕ, ಅಂದರೆ ಶಹಜಾದಿಯ ತಂಗಿ ಹುಸೇನಬಿಯ ಗಂಡ, ಟಿಕೋಟಾದ ಲಾಡಲೇಸಾಬ ಮೊದಲೇ ಬಂದು ಕುಳಿತಿದ್ದ. ಅವನದೊಂದು ಹರಾಜಿನಲ್ಲಿ ಹಿಡಿದ ಹಳೆಯ ಜೀಪು. ಅದಕ್ಕೆ ಮೈಯೆಲ್ಲ ಮಣ್ಣು, ಆದರೆ ಜೀಪನ್ನು ಯಾರೂ ಏನೂ ಅನ್ನುವುದಿಲ್ಲ. ಲಾಡಲೇಸಾಬ ನನ್ನ ಕಾರಿನ ಬಾನೆಟ್ ಎತ್ತಿದ. ಓಣಿಯವರೆಲ್ಲ ಬಗ್ಗಿದರು. ಅವನು ಬೆರಳಿನಿಂದ ಎಂಜಿನ್ನಿನ ಮೇಲಿನ ಮೇಣದಂಥ ಮಣ್ಣನ್ನು ಕೆರೆದು, ಮೂಸಿ ನೋಡಿ, “ಭಾಯಿಸಾಬ್, ಇದು ಎರಿ ಭೂಮಿ. ಹಿಂಗಾರಿ ಜ್ವಾಳ ಬಿತ್ತಿದ್ರ ಭಾರಿ ಬರ್ತಾವ ನೋಡ್ರಿ” ಎಂದ.

ಎಲ್ಲರೂ ನಕ್ಕರು. ಹಲ್ಲಿಲ್ಲದ ನನ್ನ ಅತ್ತೆ ಮಕ್ತುಮಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪಕ್ಕದ ಮನೆಯ ಸಕ್ರವ್ವ ಮುದುಕಿ ಎಲ್ಲರಿಗಿಂತ ಜೋರಾಗಿ ನಕ್ಕು, ಆಮೇಲೆ “ಯಾಕ ನಗಾಕತ್ತೀರಿ?” ಎಂದು ಕೇಳಿದಳು. ಅಂದೇ ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಮುಂದಿನ ಸಲ ಈ ಬಾನೆಟ್ ತೆರೆದಾಗ ಲಾಡಲೇಸಾಬ ಅದರೊಳಗೆ ತನ್ನ ಮೀಸೆ ನೋಡಿಕೊಂಡು ತಿರುವಬೇಕು. ಹಾಗೆ ಹೊಳೆಯಬೇಕು ಎಂಜಿನ್ನು.

ಆ ಮುಂದಿನ ಸಲ ಎಂಥ ದಿನಕ್ಕೆ ಬಂತೆಂದರೆ, ನನ್ನ ಅತ್ತೆ ಹಜ್ ಯಾತ್ರೆಗೆ ಹೊರಡುವ ದಿನಕ್ಕೆ.

ತುರ್ತು ಪರಿಸ್ಥಿತಿ ಮುಗಿದ ವರ್ಷ ಅದು. ಮಕ್ತುಮಬಿಗೂ ಅವಳ ಜೊತೆ ಹೋಗುವ ಮಗ ಸೈಫುದ್ದೀನನಿಗೂ ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಜಾಗ ಸಿಕ್ಕಿತ್ತು. ಬಬಲೇಶ್ವರದಿಂದ ವಿಜಾಪುರದ ಸ್ಟೇಶನ್ನಿಗೆ, ಅಲ್ಲಿಂದ ಸಂಜೆಯ ರೈಲು. ಆಗ ಹಜ್‌ಗೆ ಹೋಗುವುದೆಂದರೆ ಈಗ ನೀವು ಅಂದುಕೊಂಡಷ್ಟು ಸುಲಭವಲ್ಲ. ತಿಂಗಳುಗಟ್ಟಲೆಯ ಪ್ರವಾಸ, ಸಮುದ್ರ, ಬಿಸಿಲು. ಹೊರಟ ಮುದುಕರು ‘ಬಂದರೆ ಬಂದೆ’ ಎಂದೇ ಹೊರಡುತ್ತಿದ್ದರು. ಊರಿನವರ ಹತ್ತಿರ ಹೋಗಿ, ಅಂದದ್ದು ಆಡಿದ್ದು ಮಾಫಿ ಮಾಡಿ ಎಂದು ಕೇಳಿಕೊಳ್ಳುತ್ತಿದ್ದರು. ಮಕ್ತುಮಬಿಗೆ ಇದ್ದದ್ದು ಒಂದೇ ಆಸೆ. ಮಗಳ ಕಾರಿನಲ್ಲಿ ಕುಳಿತು, ಪಕ್ಕದಲ್ಲಿ ಬಾಲ್ಯದ ಗೆಳತಿ ಸಕ್ರವ್ವನನ್ನು ಕೂಡಿಸಿಕೊಂಡು, ಸ್ಟೇಶನ್ನಿನವರೆಗೆ ಹೋಗಬೇಕು. ಸಕ್ರವ್ವ ರೈಲನ್ನು ನೋಡಿದವಳೇ ಅಲ್ಲ. ಗೆಳತಿಯನ್ನು ರೈಲು ಹತ್ತಿಸಿ, ಕಿಟಕಿಯಲ್ಲಿ ಕೈ ಹಿಡಿದು ಬಿಡಬೇಕೆಂದು ಅವಳ ಹಂಬಲ. “ಇಬ್ಬರ್ನೂ ನಮ್ಮ ಕಾರಿನ್ಯಾಗ ಕರಕೊಂಡು ಹೋಗ್ತೀನಿ” ಎಂದು ಶಹಜಾದಿ ಮಾತು ಕೊಟ್ಟಿದ್ದಳು.

ಹೊರಡುವ ಮುಂಚಿನ ದಿನ ಬೆಳಿಗ್ಗೆ ನಾನು ಧೋತರ ಮೇಲೆತ್ತಿ ಕಟ್ಟಿಕೊಂಡು ಅಂಗಳಕ್ಕೆ ಇಳಿದೆ.

“ಏನ್ ಮಾಡಾಕತ್ತೀರಿ?” ಒಳಗಿನಿಂದ ಶಹಜಾದಿ.

“ಎಂಜಿನ್ ತೊಳ್ಯಾಕತ್ತೇನಿ.”

“ಮದಿವಿ ಮುಂದ ಮಾರಿ ತೊಳಕೋತಾರ. ಹಜ್ ಮುಂದ ಎಂಜಿನ್ ತೊಳೀತಾರೇನ್ರಿ? ಓಡೂ ಗಾಡಿನ ಎದಕ್ಕ ಮುಟ್ತೀರಿ?”

“ನಿನ್ನ ತಂಗಿ ಗಂಡ ಏನಂದಾ, ನೆನಪೈತಿಲ್ಲೋ?”

“ಅವ್ರು ಅಂದು ಮರತಾರ. ಕೇಳಿದ ನಾವೂ ಮರತೀವಿ. ನೀವೊಬ್ರ ಅದನ್ನ ಪೆಟಿಗ್ಯಾಗ ಇಟ್ಟು ಕೀಲಿ ಹಾಕೀರಿ.”

ನಾನು ಬ್ರಷ್ಷು ಹುಡುಕತೊಡಗಿದೆ. ಆದರೆ ನಾನೇನು ಕೊಡದಿಂದ ನೀರು ಉಗ್ಗುವ ಅರೆಬೆಂದವನಲ್ಲ. ಗ್ಯಾರೇಜಿನ ಪರಸಪ್ಪ ಮಿಸ್ತ್ರಿಯನ್ನು ಮೊದಲೇ ಕೇಳಿ ಬಂದಿದ್ದೆ. ಅವನು ಬೀಡಿ ಕಚ್ಚಿಕೊಂಡೇ ಹೇಳಿದ್ದ: “ಎಂಜಿನ್ ತಣ್ಣಗಾಗ್ಲಿ. ಬ್ಯಾಟರಿ ವೈರ್ ಬಿಚ್ಚರಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಡೈನಮೊ, ಕಾರ್ಬೋರೇಟರ್ ಬಾಯಿ, ಇವಕ್ಕ ಹನಿ ನೀರ್ ಹೋಗದಂಗ ಕಟ್ರಿ. ಚಿಮಣಿ ಎಣ್ಣಿ ಹಚ್ಚಿ ಬ್ರಷ್‌ಲೆ ತಿಕ್ರಿ, ಹಸಿ ಅರಿವಿಲೆ ಒರಸ್ರಿ. ಬಿಸಲಿಗೆ ಬಿಟ್ಟು ಒಣಗಿಸಿ, ಆಮ್ಯಾಲ ವೈರ್ ಹಚ್ಚರಿ.” ಇಷ್ಟು ಹೇಳಿ, “ಇಲ್ಲಾಂದ್ರ ಸುಮ್ನ ಇದ್ದಬಿಡ್ರಿ” ಎಂದೂ ಸೇರಿಸಿದ. ಆ ಕೊನೆಯ ಮಾತನ್ನು ನಾನು ಅಂಗಡಿಯ ಗದ್ದಲದಲ್ಲಿ ಮರೆತೆ.

ಈ ಡಿಸ್ಟ್ರಿಬ್ಯೂಟರ್ ಎಂಬುದರ ಬಗ್ಗೆ ಒಂದು ಮಾತು ಹೇಳಬೇಕು. ಎಂಜಿನ್ನಿನ ಮಗ್ಗುಲಲ್ಲಿ ಕರಿ ಟೊಪ್ಪಿಗೆ ಹಾಕಿಕೊಂಡು ಕೂತಿರುವ ಸಣ್ಣ ವಸ್ತು ಅದು. ಎಂಜಿನ್ನಿನ ಎಲ್ಲ ಮನೆಗಳಿಗೂ ಸರದಿಯಂತೆ ಕಿಡಿ ಹಂಚುವ ಯಜಮಾನಿಕೆ ಅದರದು. ಟೊಪ್ಪಿಗೆಯೊಳಗೆ ನೀರು ಹೋಯಿತೋ, ಮುನಿಸಿಕೊಂಡು ಹಂಚುವುದನ್ನೇ ನಿಲ್ಲಿಸುತ್ತದೆ. ಅದನ್ನು ಕಟ್ಟಲು ರಬ್ಬರು ಬೇಕಿತ್ತು. ಮನೆಯಲ್ಲಿ ಹುಡುಕಿದಾಗ ಅತಿ ಯೋಗ್ಯವಾದ ರಬ್ಬರು ಸಿಕ್ಕಿದ್ದು ಶಹಜಾದಿ ಸೊಂಟನೋವಿಗೆ ಇಟ್ಟುಕೊಳ್ಳುವ ಬಿಸಿನೀರಿನ ಚೀಲ. ಅವಳು ಎದುರಿನ ಕಾಶಿಬಾಯಿಯ ಮನೆಗೆ ಹೆಪ್ಪು ತರಲು ಹೋದ ಹೊತ್ತು ನೋಡಿ ಕತ್ತರಿ ಹಾಕಿದೆ. ಅರ್ಧ ಚೀಲ ಡಿಸ್ಟ್ರಿಬ್ಯೂಟರಿಗೆ ಹೇಳಿ ಮಾಡಿಸಿದ ಟೊಪ್ಪಿಗೆಯಾಯಿತು. ಕಾಯಿಲಿಗೆ ಸೈಕಲ್ಲಿನ ಟ್ಯೂಬು ಸುತ್ತಿದೆ. ಡೈನಮೊಕ್ಕೆ ಊಟದ ಮೇಜಿನ ಮೇಲೆ ಹಾಸುವ ಮೇಣಗಪಡ. ಕಾರ್ಬೋರೇಟರಿನ ಬಾಯಿಗೆ ನಮ್ಮ ಅಂಗಡಿಯ ಸ್ಟೀಲಿನ ಬಟ್ಟಲು ಬೋರಲು ಹಾಕಿದರೆ, ಅಲ್ಲಿಗೇ ಹುಟ್ಟಿದಂತೆ ಕುಳಿತಿತು.

ಆಮೇಲೆ ತಿಕ್ಕಿದೆ. ಹೇಗೆ ತಿಕ್ಕಿದೆ ಎಂದು ವರ್ಣಿಸಲು ನನ್ನ ಹತ್ತಿರ ಮಾತಿಲ್ಲ. ಚಿಮಣಿಗೆ ಹಾಕುವ ಸೀಮೆಎಣ್ಣೆ, ಬ್ರಷ್ಷು, ಹಳೆಯ ಬನಿಯನ್ನು. ರೇಡಿಯೇಟರಿನ ಮೇಲಿನ ಕರಿ ಬಣ್ಣವನ್ನು ಉಗುರಿನಿಂದ ಕೆರೆದಾಗ ಒಳಗೆ ಏನು ಕಂಡಿತು ಗೊತ್ತೆ? ಹಿತ್ತಾಳೆ! ಭಾಂಡೆ ಅಂಗಡಿಯವನ ಎದೆ ಹೇಗೆ ಹಾರಿರಬೇಡ! ಎಲ್ಲ ಬಣ್ಣ ಕೆರೆದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ, ಹಸಿ ಅರಿವೆಯಿಂದ ಒರೆಸಿದೆ. ರೇಡಿಯೇಟರು ಮದುವೆಯ ಹಂಡೆಯಾಯಿತು. ಬಿಸಿಲಿಗೆ ಒಣಗಿಸಿ, ಕಟ್ಟಿದ್ದೆಲ್ಲ ಬಿಚ್ಚಿ, ಬ್ಯಾಟರಿಯ ವೈರು ಹಚ್ಚಿ, ಅಲ್ಲಾಹನ ಹೆಸರು ಹೇಳಿ ಚಾವಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ನು ಗುರ್ ಎಂದಿತು.

“ಕೇಳಿದ್ಯಾ?” ಎಂದೆ.

ಶಹಜಾದಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಬಿಸಿನೀರಿನ ಚೀಲದ ಉಳಿದರ್ಧ ಇತ್ತು. ಮುಂದೆ ನಡೆದದ್ದು ಪೂರ್ತಿ ಕನ್ನಡದಲ್ಲಿ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬಬಲೇಶ್ವರ ಸೇರಿದಾಗ ಅತ್ತೆಯ ಮನೆಯ ಮುಂದೆ ಊರೇ ನೆರೆದಿತ್ತು. ಮಕ್ತುಮಬಿ ಬಿಳಿ ಸೀರೆ ಉಟ್ಟು, ಕೊರಳ ತುಂಬ ಹೂವಿನ ಹಾರ ಹಾಕಿಕೊಂಡು ಹೊರಸಿನ ಮೇಲೆ ಕುಳಿತಿದ್ದಳು. ಬಂದವರೆಲ್ಲ ಕೈ ಹಿಡಿದು, ಅಳುತ್ತ, ಮಾಫಿ ಕೇಳುತ್ತ ಹೋಗುತ್ತಿದ್ದರು. ಸಕ್ರವ್ವ ಮಡಿಲಲ್ಲಿ ಒಂದು ಬಿಳಿ ಅರಿವೆಯ ಗಂಟು ಹಿಡಿದುಕೊಂಡು ಅವಳ ಪಕ್ಕದಲ್ಲೇ ಕುಳಿತಿದ್ದಳು. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹಡಗಿನಲ್ಲಿ ಗೆಳತಿಯ ಬಾಯಿ ಕೆಡಬಾರದೆಂದು ಬಡಿದು, ಒಲೆಯ ಮುಂದೆ ಒಣಗಿಸಿದ್ದಳು.

“ಕೊಡ ಬೇ, ಟ್ರಂಕಿನ್ಯಾಗ ಇಡ್ತೀನಿ,” ಎಂದಳು ಶಹಜಾದಿ.

“ಇಲ್ಲ ಬಿಡವಾ. ಟ್ರಂಕಿನ್ಯಾಗ ಇಟ್ರ ಪುಡಿ ಆಗ್ತಾವ. ರೈಲ್ ಹತ್ತಿದ ಮ್ಯಾಲ ಕಿಡಕ್ಯಾಗಿಂದ ನಾನಽ ಉಡಿಯಾಗ ಹಾಕ್ತೀನಿ.”

ಜೀಪಿನಲ್ಲಿ ಟ್ರಂಕು, ಹಾಸಿಗೆ ಸುರುಳಿ ಮತ್ತು ಗಂಡಸರು, ಕಾರಿನಲ್ಲಿ ಮಕ್ತುಮಬಿ, ಶಹಜಾದಿ, ಸಕ್ರವ್ವ ಎಂದು ಏರ್ಪಾಟಾಗಿತ್ತು. ಎಲ್ಲ ಸರಿಯಾಗಿಯೇ ಇತ್ತು. ಕಾರನ್ನು ಸುಮ್ಮನೆ ನಿಲ್ಲಿಸಿ, ಹತ್ತಿಸಿಕೊಂಡು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಲಾಡಲೇಸಾಬ ಬಾನೆಟ್ಟಿನ ವಿಷಯವನ್ನೇ ಎತ್ತಲಿಲ್ಲ ನೋಡಿ! ಅತ್ತ ಜೀಪಿಗೆ ಟ್ರಂಕು ಏರಿಸುವುದರಲ್ಲಿ ಮುಳುಗಿದ್ದ. ನಾನು ಒಂದೆರಡು ಸಲ ಕೆಮ್ಮಿದೆ. ಕಾರಿನ ಮುಂದೆ ಅಡ್ಡಾಡಿದೆ. ಕೊನೆಗೆ ತಡೆಯಲಾರದೆ ನಾನೇ ಬಾನೆಟ್ ಎತ್ತಿ, ಕಡ್ಡಿ ಕೊಟ್ಟು ನಿಲ್ಲಿಸಿಬಿಟ್ಟೆ.

ಹಿತ್ತಾಳೆಯ ರೇಡಿಯೇಟರಿನ ಮೇಲೆ ಸೂರ್ಯ ಬಿದ್ದು ಓಣಿಯೆಲ್ಲ ಥಳಕ್ ಎಂದಿತು. ಮಾಫಿ ಕೇಳಲು ಬಂದವರು ಅರ್ಧಕ್ಕೆ ಬಿಟ್ಟು ಇತ್ತ ಬಂದರು. ಎಲ್ಲರಿಗಿಂತ ಮುಂದೆ ಸಕ್ರವ್ವ.

“ಯಪ್ಪಾ! ಇದರಾಗ ಏನೇನ್ ಇಟ್ಟೀಯೋ ಅಳಿಯ ಸಾಹೇಬಾ?”

ನನಗೆ ಅದೆಲ್ಲಿಂದ ಉಪಮೆ ಹೊಳೆಯಿತೋ! “ನೋಡವ್ವಾ, ನಿಮ್ಮ ಬಂಡಿಗೆ ಎತ್ತು ಹೊರಗ ಇರ್ತಾವಲ್ಲ? ನಮ್ಮ ಬಂಡಿಗೆ ಎತ್ತು ಇದರೊಳಗ ಅದಾವ. ಹಿಂಡಗಟ್ಟಲೆ ಎತ್ತು. ಇಷ್ಟ ಜಾಗಾದಾಗ!”

“ಹಿಂಡಗಟ್ಟಲೆ!” ಸಕ್ರವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಗಂಟನ್ನು ಹಿಂದಿನ ಸೀಟಿನ ಮೇಲಿಟ್ಟು ಅವಸರದಿಂದ ತನ್ನ ಮನೆಯೊಳಗೆ ಹೋದಳು.

ಅಷ್ಟರಲ್ಲಿ ಲಾಡಲೇಸಾಬನೂ ಕೈ ಒರೆಸಿಕೊಳ್ಳುತ್ತ ಬಂದ. ನಾನು ಕಾರಿಗೆ ಬೆನ್ನು ಹಾಕಿ, ಅವನಿಗೂ ಊರಿಗೂ ಎದುರಾಗಿ ನಿಂತು ಉಪನ್ಯಾಸ ಶುರು ಮಾಡಿದೆ. “ಎಂಜಿನ್ ತೊಳೀಬೇಕಾದ್ರ ಮುಖ್ಯ ಏನು? ಕರೆಂಟಿನ ಸಾಮಾನಿಗೆ ನೀರ್ ತಾಗಬಾರ್ದು. ನಾ ಎಲ್ಲಾ ಕಟ್ಟಿದ್ದೆ. ಡಿಸ್ಟ್ರಿಬ್ಯೂಟರಿಗೆ ರಬ್ಬರ್, ಕಾಯಿಲಿಗೆ ಟ್ಯೂಬ್. ಲಾಡಲೇಸಾಬ, ಹೇಳ್ತೀನಿ ಕೇಳು, ಒಂದ ಹನಿ, ಒಂದಽ ಹನಿ ನೀರ್...”

ಹಿಂದೆ ಗೊಳ ಗೊಳ ಎಂದು ಶಬ್ದವಾಯಿತು.

ತಿರುಗಿ ನೋಡಿದರೆ ಸಕ್ರವ್ವ ದೊಡ್ಡದೊಂದು ತಂಬಿಗೆಯನ್ನು ಎಂಜಿನ್ನಿನ ಮೇಲೆ ಬೋರಲು ಹಿಡಿದಿದ್ದಳು. ಅರಿಷಿಣ ಸುಣ್ಣ ಕಲಸಿದ ಕೆಂಪು ನೀರು, ಮೇಲೆ ನಾಲ್ಕು ಅಕ್ಕಿಕಾಳು. ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆಯ ಮೇಲೆ, ಕಾಯಿಲಿನ ಮೇಲೆ, ಪ್ಲಗ್ಗುಗಳ ಮೇಲೆ ಎಲ್ಲೆಲ್ಲೂ ಕೆಂಪು ನೀರು ಹರಿಯುತ್ತಿತ್ತು. ತಂಬಿಗೆಯಲ್ಲಿ ಉಳಿದದ್ದನ್ನೂ ಕೊಡವಿ ಹಾಕಿದಳು, ಗೆಳತಿಗೆ ಕಡಿಮೆ ಮಾಡಬಾರದಲ್ಲ.

“ಅವ್ವಾ! ಏನ್ ಮಾಡಿದಿ!”

“ಎತ್ತಿಗೆ ನೀರ್ ಹಾಕಿದ್ನಪಾ,” ಎಂದಳು ಸಕ್ರವ್ವ, ತೃಪ್ತಿಯಿಂದ. “ನಮ್ಮ ಮನ್ಯಾಗ ಯಾರರ ದೂರ ಹೊಂಟ್ರ ಎತ್ತಿನ ಕೊರಳ ಮ್ಯಾಲ ನೀವಾಳಿಸಿದ ನೀರ್ ಹಾಕಿ ಕಳಸ್ತೀವಿ. ಹಾದ್ಯಾಗ ಏನೂ ಆಗೂದಿಲ್ಲ. ಮಕ್ತುಮಿ ಸಮುದ್ರ ದಾಟಬೇಕು. ಚಲೋ ಆತು, ನೀನ ಎತ್ತು ತೋರಿಸಿದಿ. ಇಲ್ಲಾಂದ್ರ ಗಾಲಿಗೆ ಹಾಕ್ತಿದ್ದೆ.”

ಗಾಲಿಗೆ! ನಾನು ಸುಮ್ಮನಿದ್ದಿದ್ದರೆ ಗಾಲಿಗೆ ಹಾಕುತ್ತಿದ್ದಳು! ಬಾನೆಟ್ಟು ಮುಚ್ಚಿದ್ದರೆ ಅದರ ಮೇಲೆ ನೀರು ಚೆಲ್ಲಿ ಹರಿದುಹೋಗುತ್ತಿತ್ತು. ಆ ಮುದುಕಿಯದು ಏನು ತಪ್ಪು ಹೇಳಿ? ಬಾಯಿ ತೆರೆದು ನಿಲ್ಲಿಸಿದವನು ನಾನು, ಎತ್ತು ಎಂದು ತೋರಿಸಿದವನೂ ನಾನು.

ಓಡಿಹೋಗಿ ಚಾವಿ ತಿರುಗಿಸಿದೆ. ಎಂಜಿನ್ನು ಉಬ್ಬಸದವರಂತೆ ಕೆಮ್ಮಿ ಸುಮ್ಮನಾಯಿತು. ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆ ತೆಗೆದು ನೋಡಿದರೆ ಒಳಗೆ ಸುಣ್ಣದ ಗಸಿ, ಅದರ ನಡುವೆ ಒಂದು ಅಕ್ಕಿಕಾಳು. ಒಣ ಅರಿವೆಗಳು, ರಬ್ಬರು, ಬ್ರಷ್ಷು ಎಲ್ಲ ವಿಜಾಪುರದ ಅಂಗಳದಲ್ಲಿ ಒಪ್ಪವಾಗಿ ಒಣಗುತ್ತಿದ್ದವು. ಹೊಸ ಅಂಗಿಯ ತೋಳಿನಿಂದ ಒರೆಸಿದೆ. ಮತ್ತೆ ಚಾವಿ, ಮತ್ತೆ ಕೆಮ್ಮು. ತಿರುಗಿಸಿ ತಿರುಗಿಸಿ ಬ್ಯಾಟರಿಯೂ ಸೋತಿತು. ಊರಿನವರು ನೂಕಿದರು. ಹಾರ ಹಾಕಿದ ಹಾಜಿಯನ್ನು ಒಳಗೆ ಕೂಡಿಸಿಕೊಂಡ ಕಾರು ಓಣಿಯ ಈ ತುದಿಯಿಂದ ಆ ತುದಿಗೆ ಮೌನವಾಗಿ ಹೋಗಿ ನಿಂತಿತು. ಮಕ್ತುಮಬಿ ಮಾತ್ರ, “ಭಾರಿ ಮೆತ್ತಗ ಹೋಗ್ತದ ಬೇಟಾ, ಸಪ್ಪಳನ ಇಲ್ಲ” ಎಂದು ಹೊಗಳಿದಳು.

ಶಹಜಾದಿ ಕಾರಿನಿಂದ ಇಳಿದು ನನ್ನ ಹತ್ತಿರ ಬಂದಳು. “ರೈಲ್ ತಪ್ಪಿದ್ರ ಹಡಗ ತಪ್ತದ. ಹಡಗ ತಪ್ಪಿದ್ರ ಮುಂದಿನ ವರ್ಷ ಅಮ್ಮಾ ಇರ್ತಾಳ ಅಂತ ನೀವು ಬರದು ಕೊಡ್ತೀರೇನು?” ಎಂದಳು. ಲಾಡಲೇಸಾಬ ಅವತ್ತು ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. “ಜೀಪಿನ್ಯಾಗ ಹತ್ರಿ ಎಲ್ಲಾರೂ, ಹೊತ್ತಾತು” ಎಂದ.

ಟ್ರಂಕಿನ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಹುಸೇನಬಿ, ಅವಳ ತೊಡೆಯ ಮೇಲೆ ಮಕ್ಕಳು, ಪಕ್ಕಕ್ಕೆ ಜೋತುಬಿದ್ದು ಸೈಫುದ್ದೀನ. ಮುಂದಿನ ಸೀಟಿನಲ್ಲಿ ಮಕ್ತುಮಬಿಯನ್ನು ಒತ್ತಿ ಕೂಡಿಸಿ, ಶಹಜಾದಿ ಅವಳಿಗೆ ಆನಿಕೊಂಡು ಕುಳಿತಳು. ಅಲ್ಲಿ ಇನ್ನೊಂದು ತಂಬಿಗೆ ಇಡಲೂ ಜಾಗವಿರಲಿಲ್ಲ. ಮಕ್ತುಮಬಿ ಕತ್ತು ತಿರುಗಿಸಿ, “ಸಕ್ರೀ, ನೀ ಹತ್ತ ಬೇ, ನೀ ಹತ್ತ” ಎನ್ನುತ್ತಿದ್ದಳು. ಜೀಪು ಹೊರಟಿತು. ಸಕ್ರವ್ವ ನಾಲ್ಕು ಹೆಜ್ಜೆ ಅದರ ಹಿಂದೆ ಓಡಿದಳು. ಹಾರದ ಹೂವೆರಡು ಧೂಳಿನಲ್ಲಿ ಬಿದ್ದವು. ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳಲಿಲ್ಲ, ಮಾಫಿ ಕೇಳಲಿಲ್ಲ. ಓಣಿ ಖಾಲಿಯಾಯಿತು.

ಮುಂದಿನ ಬಸ್ಸು ಹಿಡಿದು ನಾವು ವಿಜಾಪುರ ಸೇರುವ ಹೊತ್ತಿಗೆ ರೈಲು ಮಿಂಚನಾಳ ಸ್ಟೇಶನ್ನು ದಾಟಿರುತ್ತಿತ್ತು. ನಾನು ಕಾರಿನ ಹತ್ತಿರ ಕಲ್ಲಿನ ಮೇಲೆ ಕುಳಿತೆ. ಸಕ್ರವ್ವ ಬಂದು ಪಕ್ಕದಲ್ಲಿ ಕುಳಿತಳು. ಬಯ್ಯುತ್ತಾಳೆಂದು ಕಾದೆ.

“ನೋಡಿದ್ಯಾ ತಮ್ಮಾ,” ಎಂದಳು. “ಹಾದ್ಯಾಗ ಕೆಡೂದು ಮನಿ ಮುಂದಽ ಕೆಟ್ತು. ನನ್ನ ನೀರ ಹಾಕಿದ್ದಕ್ಕ ಇಷ್ಟಕ್ಕ ಹೋತು. ಹಾಕದಿದ್ರ ಎಲ್ಲಿ ಏನಾಗ್ತಿತ್ತೋ ಏನೋ.”

ಹೌದೆಂದು ತಲೆಯಾಡಿಸಿದೆ. ಇನ್ನೇನು ಮಾಡಲಿ? ಅವಳು ಹಿಂದಿನ ಸೀಟಿನ ಕಡೆ ನೋಡಿದಳು. ಬಿಳಿ ಗಂಟು ಅಲ್ಲೇ ಇತ್ತು. ಎದ್ದು ಹೋಗಿ ಗಂಟು ತಂದು ನನ್ನ ಮುಂದೆ ಬಿಚ್ಚಿದಳು.

“ತಿನ್ನಪಾ. ಮುಂಜಾನಿಂದ ಹೊಟ್ಯಾಗ ಏನೂ ಇಲ್ಲ ನಿನಗ. ಅಕಿ ಎಲ್ಲೆರ ಉಣ್ತಾಳ. ಅಳಿಯ ಹಸಗೊಂಡು ಕುಂತಾನಂದ್ರ ಅಕಿಗೆ ಸಮುದ್ರದಾಗ ಬಿಕ್ಕ ಬರ್ತಾವ.”

ಬೇಡವೆಂದೆ. ಅವಳು ಬಿಡಲಿಲ್ಲ. ಹಜ್‌ಗೆ ಹೋಗಬೇಕಾಗಿದ್ದ ರೊಟ್ಟಿಯನ್ನು ನಾನು ಬಬಲೇಶ್ವರದ ಓಣಿಯಲ್ಲಿ ಕುಳಿತು ತಿಂದೆ. ಕಟಕ ರೊಟ್ಟಿ ಮುರಿಯುವ ಸಪ್ಪಳ ಓಣಿಯೆಲ್ಲ ಕೇಳುತ್ತಿತ್ತು. ರುಚಿ ಬಹಳ ಇತ್ತು, ಅದನ್ನು ಹೇಳಲೂ ನನಗೆ ನಾಚಿಕೆಯಾಗುತ್ತದೆ.

ಬಿಸಿಲು ಇಳಿಯುವ ಹೊತ್ತಿಗೆ, ಮಾಡಲು ಬೇರೆ ಕೆಲಸವಿಲ್ಲದೆ, ಡಿಸ್ಟ್ರಿಬ್ಯೂಟರಿನ ಗಸಿಯನ್ನು ಗಂಟಿನ ಅರಿವೆಯಿಂದಲೇ ಒರೆಸಿ, ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ಒಂದು ಸುತ್ತು ತಿರುವಿದೆ. ಎಂಜಿನ್ನು ಗುರ್ ಎಂದಿತು! ಆ ಕ್ಷಣದಲ್ಲಿ ಅದರ ಮೇಲೆ ಬಂದಷ್ಟು ಸಿಟ್ಟು ನನಗೆ ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ. ಸಕ್ರವ್ವ “ಎತ್ತು ಎದ್ವು!” ಎಂದು ಕೈ ಮುಗಿದಳು. ಅವಳನ್ನು ಮುಂದೆ ಕೂಡಿಸಿಕೊಂಡು, ಯಾಕೆಂದು ನನಗೇ ತಿಳಿಯದೆ, ವಿಜಾಪುರದ ಕಡೆಗೆ ಹೊರಟೆ. ಅರ್ಧ ಹಾದಿಯಲ್ಲಿ ಎದುರಿಗೆ ಲಾಡಲೇಸಾಬನ ಜೀಪು ಬಂತು. ರೈಲು ಸಿಕ್ಕಿತ್ತು, ಅತ್ತೆ ಹೋಗಿದ್ದಳು. ಶಹಜಾದಿ ಜೀಪಿನಿಂದ ಇಳಿದು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಸೀಟಿನ ಮೇಲೆ ಗಂಟಿನಿಂದ ಉದುರಿದ್ದ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಾಕಿಕೊಂಡಳು. ಪೂರ್ತಿ ಕನ್ನಡದಲ್ಲಿ ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಮುಂದಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ಅಂಗಡಿಯಲ್ಲಿ ಹಿತ್ತಾಳೆ ತಿಕ್ಕಲು ಹೋದರೆ ಕೈ ಹಿಂದೆ ಬರುತ್ತಿತ್ತು. ರೇಡಿಯೇಟರಿಗೆ ನಾನೇ ಮತ್ತೆ ಕರಿ ಬಣ್ಣ ಬಳಿದೆ. ಬಾನೆಟ್ಟಿಗೆ ಸುತಳಿ ಬಿಗಿದು, ಯಾರಾದರೂ ತೆಗೆಯಿರಿ ಎಂದರೆ, ಕೀಲಿ ಕೆಟ್ಟಿದೆ ಎನ್ನುತ್ತಿದ್ದೆ. ನಮಾಜಿನ ಕೊನೆಗೆ ಕೇಳಿಕೊಳ್ಳುತ್ತಿದ್ದದ್ದು ಒಂದೇ: ಆ ಮುದುಕಿ ತಿರುಗಿ ಬರಲಿ.

ಬಂದಳು. ಹೊಲಗಳಲ್ಲಿ ಹಸಿ ಜೋಳದ ಸೀತನಿ ಸುಡುವ ಕಾಲಕ್ಕೆ ಬಂದಳು. ನಾನು ಹಿಂದಿನ ದಿನವೇ ಬಬಲೇಶ್ವರಕ್ಕೆ ಹೋಗಿ ಸಕ್ರವ್ವನನ್ನು ಕರೆತಂದಿದ್ದೆ. ರೈಲು ಕಣ್ಣಿಗೆ ಬಿದ್ದೊಡನೆ ಸಕ್ರವ್ವ ಹೆದರಿ ನನ್ನ ಹಿಂದೆ ಅಡಗಿದಳು. ಮಕ್ತುಮಬಿ ಕಪ್ಪಾಗಿ, ಸಣ್ಣಗಾಗಿ, ಹಜ್‌ನಿಂದ ತಂದ ಪವಿತ್ರ ಜಮ್‌ಜಮ್ ನೀರಿನ ಡಬ್ಬಿ ಎದೆಗೆ ಅವಚಿಕೊಂಡು ಇಳಿದಳು. ಇಬ್ಬರು ಮುದುಕಿಯರು ಅಪ್ಪಿಕೊಂಡು ಅತ್ತದ್ದನ್ನು ನೋಡಿ ಟಿಕೀಟು ಕೇಳುವವನೂ ಸುಮ್ಮನೆ ನಿಂತ. ಅತ್ತು ಮುಗಿದ ಮೇಲೆ ಮಕ್ತುಮಬಿ ಕೇಳಿದ ಮೊದಲ ಮಾತು ಇದು:

“ಸಕ್ರೀ, ರೊಟ್ಟಿ ಗಂಟ ಎಲ್ಲಿ ಇಟ್ಟಿದ್ದಿ ಬೇ? ಹಡಗಿನ್ಯಾಗ ಟ್ರಂಕೆಲ್ಲಾ ಬಿಚ್ಚಿ ಹುಡಕಿದೆ. ಸೈಫು ಕದ್ದು ತಿಂದಾನಂತ ಸಮುದ್ರದ ನಡಕ ಅವನ್ನ ಬೈದೆ. ಆಮ್ಯಾಲ ಅಲ್ಲಿ ಹೋಗಿ ಮಾಫಿ ಕೇಳಿದೆ.”

ಸೈಫುದ್ದೀನ ನನ್ನನ್ನು ನೋಡಿದ. ಶಹಜಾದಿ ನನ್ನನ್ನು ನೋಡಿದಳು. ನಾನು ರೈಲಿನ ಗಾಲಿ ನೋಡಿದೆ.

ಸಕ್ರವ್ವ ಮಾತ್ರ ಒಂದಿಷ್ಟೂ ತಡವರಿಸಲಿಲ್ಲ. “ಎತ್ತು ಹಸದಿತ್ತು ಬೇ, ಮಕ್ತುಮಿ,” ಎಂದಳು. “ಎತ್ತಿಗೆ ಹಾಕಿದೆ.”

ಎಷ್ಟೋ ತಿಂಗಳ ಮೇಲೆ ಶಹಜಾದಿ ನಕ್ಕಳು. ಕಣ್ಣೊರೆಸಿಕೊಂಡು ನಕ್ಕಳು. ಕಾರಿನಲ್ಲಿ ಬಬಲೇಶ್ವರದವರೆಗೂ ನಗುತ್ತಲೇ ಇದ್ದಳು. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರೂ ಕೈ ಕೈ ಹಿಡಿದುಕೊಂಡು ಕುಳಿತಿದ್ದರು. ಆದರೂ ನನಗೆ ಸಮಾಧಾನವಿರಲಿಲ್ಲ. ಕರೆದುಕೊಂಡು ಬಂದದ್ದು ಆಯಿತು, ಕಳಿಸಿಕೊಡುವ ಆ ದಿನವನ್ನು ಎಲ್ಲಿಂದ ತರಲಿ?

ಗೆಳತಿಯನ್ನು ಸಮುದ್ರ ದಾಟಿಸಿ ತಿರುಗಿ ತಂದದ್ದು ತಾನು ಎತ್ತಿಗೆ ಹಾಕಿದ ನೀರು ಎಂಬುದರಲ್ಲಿ ಸಕ್ರವ್ವನಿಗೆ ಈಗ ಸಂಶಯವೇ ಇಲ್ಲ. ಮಕ್ತುಮಬಿಗೂ ಇಲ್ಲ. ಹಾಜಿಯೇ ಹೇಳಿದ ಮೇಲೆ ಊರಿಗೂ ಇಲ್ಲ. ಅವತ್ತು ಸಂಜೆ ನಾವು ವಿಜಾಪುರಕ್ಕೆ ಹೊರಡಲು ಕಾರಿನ ಹತ್ತಿರ ಬಂದರೆ, ಸಕ್ರವ್ವ ಅರಿಷಿಣ ಸುಣ್ಣದ ತಂಬಿಗೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಪಕ್ಕದಲ್ಲಿ ಮಕ್ತುಮಬಿ. ಸ್ವಲ್ಪ ದೂರದಲ್ಲಿ ಲಾಡಲೇಸಾಬ, ಮೀಸೆ ತಿರುವುತ್ತ.

“ಬಾಯಿ ತಗಸಪಾ,” ಎಂದಳು ಸಕ್ರವ್ವ. “ಎತ್ತಿಗೆ ನೀರ್ ಹಾಕ್ತೀನಿ.”

ನಾನು ಶಹಜಾದಿಯ ಮುಖ ನೋಡಿದೆ. ಅವಳು ತನ್ನ ಚೀಲದಲ್ಲಿ ಕೈಹಾಕಿ, ಅರ್ಧ ಬಿಸಿನೀರಿನ ಚೀಲವನ್ನೂ ಒಂದು ಸೈಕಲ್ ಟ್ಯೂಬನ್ನೂ ತೆಗೆದು ನನ್ನ ಕೈಯಲ್ಲಿಟ್ಟಳು. ಮನೆಯಿಂದಲೇ ತಂದಿದ್ದಳು. ಸುತಳಿ ಬಿಚ್ಚಿ ಬಾನೆಟ್ ಎತ್ತಿದೆ. ಬ್ಯಾಟರಿಯ ವೈರು ತೆಗೆದೆ. ಡಿಸ್ಟ್ರಿಬ್ಯೂಟರಿಗೆ ರಬ್ಬರಿನ ಟೊಪ್ಪಿಗೆ ಹಾಕಿ ದಾರ ಬಿಗಿದೆ, ಕಾಯಿಲಿಗೆ ಟ್ಯೂಬು ಸುತ್ತಿದೆ. ಮಕ್ತುಮಬಿ ಅಡಿಗೆಮನೆಯಿಂದ ಬಟ್ಟಲು ತಂದುಕೊಟ್ಟಳು. ಆಮೇಲೆ ಬಾನೆಟ್ಟನ್ನು ಎರಡೂ ಕೈಯಿಂದ ಇನ್ನಷ್ಟು ಎತ್ತಿ ಹಿಡಿದು, ತಲೆ ಬಗ್ಗಿಸಿ ಪಕ್ಕಕ್ಕೆ ನಿಂತೆ.

“ಹಾಕ್ರಿ ಅವ್ವಾ,” ಎಂದೆ.